ತಪ್ಪು ಹೆಬ್ಬೆರಳಿನದಲ್ಲ

ಪ್ರಶ್ನೆ: ವಿಡಿಯೋ ಗೇಮ್ ಕಂಟ್ರೋಲರ್ ಕೆಳಗಿಟ್ಟು ಕೈಕಟ್ಟಿ ಕೂತರೂ ಆಟದೊಳಗಿನ ಮನುಷ್ಯ ತಾನಾಗೇ ಎಡಕ್ಕೆ ನಡೆಯುತ್ತಾನೆ. ತಂದು ಎರಡು ವರ್ಷವೂ ಆಗಿಲ್ಲ. ‘ನೀನು ಒರಟಾಗಿ ಆಡ್ತೀಯ, ಅದಕ್ಕೇ ಹಾಳಾಯ್ತು’ ಅಂತ ಅಣ್ಣ ಬೈಯುತ್ತಾನೆ. ನಿಜವಾ?

ಉತ್ತರ: ಅಣ್ಣನಿಗೆ ಈ ಪುಟ ಓದಲು ಕೊಡಿ. ತಪ್ಪು ನಿಮ್ಮ ಹೆಬ್ಬೆರಳಿನದಲ್ಲ. ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕಡ್ಡಿಯೇ ಸ್ಟಿಕ್, ಅದರ ಈ ರೋಗಕ್ಕೆ ಸ್ಟಿಕ್ ಡ್ರಿಫ್ಟ್ ಅಂತಾರೆ. ಮೆತ್ತಗೆ ಆಡುವವರಿಗೂ ಬರುತ್ತದೆ, ಸ್ವಲ್ಪ ತಡವಾಗಿ ಅಷ್ಟೇ.

ನನ್ನದೊಂದಕ್ಕೂ ಇದೇ ರೋಗ ಹತ್ತಿತ್ತು. ವಾರಂಟಿ ಹೇಗೂ ಮುಗಿದಿತ್ತು, ಬಿಚ್ಚಿಯೇಬಿಟ್ಟೆ. ಸ್ಟಿಕ್ಕಿನ ಬುಡದಲ್ಲಿ ಲೋಹದ ಚೌಕಟ್ಟು. ಅದರ ಎರಡು ಪಕ್ಕಕ್ಕೆ ಅಂಟಿಕೊಂಡ ಹಾಗೆ ಎರಡು ಪುಟ್ಟ ಹಸಿರು ಪ್ಲಾಸ್ಟಿಕ್ ಡಬ್ಬಿ. ಒಂದು ಎಡ-ಬಲ ಅಳೆಯುತ್ತದೆ, ಇನ್ನೊಂದು ಮೇಲೆ-ಕೆಳಗೆ. ಪೊಟೆನ್ಷಿಯೋಮೀಟರ್ ಅನ್ನುವುದು ಇದನ್ನೇ. ಡಬ್ಬಿಯ ಮುಚ್ಚಳ ಎಬ್ಬಿಸಿದರೆ ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ತೆಳ್ಳಗಿನ ಲೋಹದ ಕಾಲು. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತಿತ್ತಲ್ಲ, ಅದರೊಳಗಿದ್ದದ್ದೂ ಇದೇ ಜಾತಿ. ನನ್ನ ಪಟ್ಟಿಯ ಮೇಲೆ ಕಾಲು ಓಡಾಡಿದ ಗೆರೆ ಬರಿಗಣ್ಣಿಗೇ ಕಾಣುತ್ತಿತ್ತು. ನಡುವೆಯಂತೂ ಜಾಸ್ತಿ ಸವೆದಿತ್ತು. ಸ್ಟಿಕ್ ಬಿಟ್ಟಾಗಲೆಲ್ಲ ಕಾಲು ಬಂದು ನಿಲ್ಲುವುದು ಅಲ್ಲೇ ತಾನೇ? ಪಟ್ಟಿ ಸವೆದರೆ ಅಲ್ಲಿನ ವೋಲ್ಟೇಜ್ ಬದಲಾಗುತ್ತದೆ. ಆ ವೋಲ್ಟೇಜ್ ನೋಡಿಯೇ ಸ್ಟಿಕ್ ಎತ್ತ ಇದೆ ಅಂತ ತಿಳಿಯುವ ಕನ್ಸೋಲ್ (ಆಟ ಓಡಿಸುವ ಯಂತ್ರ) ಪಾಪ ಏನು ಮಾಡೀತು, ‘ಓ, ಎಡಕ್ಕೆ ತಳ್ಳುತ್ತಿದ್ದಾರೆ’ ಅಂದುಕೊಳ್ಳುತ್ತದೆ.

ಮೊದಲು ಆಟದ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್ ಹುಡುಕಿ, ಒಂದೆರಡು ಅಂಕ ಏರಿಸಿ. ನಡುವಿನ ಸಣ್ಣಪುಟ್ಟ ಅಲುಗಾಟವನ್ನು ಆಟ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ತೀರಾ ಏರಿಸಿದರೆ ಮೆಲ್ಲಗೆ ನಡೆಯುವುದೇ ಕಷ್ಟ, ಗಮನವಿರಲಿ. ಸ್ಟಿಕ್ಕಿನ ಬುಡಕ್ಕೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಸುತ್ತಿಸಿದರೆ ಕೆಲವು ವಾರ ಸುಮ್ಮನಿರಬಹುದು. ಕೊಳೆ ಹೋಗುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ. ಇಡೀ ಸ್ಟಿಕ್ ಬದಲಿಸಲು 14 ಕಡೆ ಬೆಸುಗೆ ಬಿಡಿಸಬೇಕು. ನಾನು ಹನ್ನೊಂದನೆಯದರಲ್ಲಿ ಬೋರ್ಡ್ ಸುಟ್ಟುಕೊಂಡೆ. ಕೈ ಪಳಗಿದವರಿಗೆ ಕೊಡಿ. ವಾರಂಟಿ ಉಳಿದಿದ್ದರೆ ಬಿಚ್ಚಲೇಬೇಡಿ.

ಹೊಸ ಕಂಟ್ರೋಲರನ್ನೇ ಕೊಳ್ಳುವುದಾದರೆ ಅದು ಬರುವ ರಟ್ಟಿನ ಪೆಟ್ಟಿಗೆಯ ಮೇಲೆ ‘ಹಾಲ್ ಎಫೆಕ್ಟ್’ ಅಥವಾ ‘ಟಿಎಂಆರ್’ ಅಂತ ಇದೆಯಾ ನೋಡಿ. ಇವುಗಳಲ್ಲಿ ಆಯಸ್ಕಾಂತ ಅಲ್ಲಾಡುತ್ತದೆ, ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಉಜ್ಜುವುದೇ ಇಲ್ಲ, ಹಾಗಾಗಿ ಪಟ್ಟಿ ಸವೆಯುವ ಮಾತೂ ಇಲ್ಲ. ಸ್ಪ್ರಿಂಗ್ ಸಡಿಲವಾಗಬಹುದು, ಅದು ಬೇರೆ ಮಾತು. ಇದನ್ನೇನೋ ಹೊಸ ಆವಿಷ್ಕಾರ ಅನ್ನುವ ಹಾಗೆ ಮಾರುತ್ತಾರೆ. ಸೇಗಾ ಕಂಪನಿ 1996ರಲ್ಲೇ ತನ್ನ ಕನ್ಸೋಲ್ ಸ್ಯಾಟರ್ನ್‌ನ ತ್ರೀಡಿ ಪ್ಯಾಡಿಗೆ ಹಾಕಿತ್ತು! ಇಷ್ಟು ವರ್ಷ ಮಿಕ್ಕವರು ಯಾಕೆ ಉಜ್ಜುತ್ತಲೇ ಕೂತರೋ. ಅಗ್ಗ ಅನ್ನುವುದು ಬಿಟ್ಟರೆ ನನಗೆ ಬೇರೆ ಕಾರಣ ಹೊಳೆಯುವುದಿಲ್ಲ.

ಪ್ರಶ್ನೆ: ದೊಡ್ಡ ಟಿವಿ ತಂದೆವು. ಚಿತ್ರ ಅದ್ಭುತ. ಆದರೆ ಬಟನ್ ಒತ್ತಿದ ಮೇಲೆ ಜಿಗಿಯುವುದು ತಡ ಅನ್ನಿಸುತ್ತದೆ. ಹಳೇ ಟಿವಿಯಲ್ಲಿ ಹೀಗಿರಲಿಲ್ಲ. ನನಗೆ ವಯಸ್ಸಾಯಿತಾ?

ಉತ್ತರ: ವಯಸ್ಸು ಆಗುತ್ತಲೇ ಇರುತ್ತದೆ ಬಿಡಿ, ಆದರೆ ಇದು ಟಿವಿಯ ಕಿತಾಪತಿ. ಬಂದ ಚಿತ್ರವನ್ನು ಅದು ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದುತ್ತದೆ, ಅಂಚು ಚೂಪು ಮಾಡುತ್ತದೆ. ಎರಡು ಫ್ರೇಮ್‌ಗಳ ನಡುವೆ ತನ್ನದೇ ಒಂದನ್ನು ತುರುಕಲು ಮುಂದಿನ ಫ್ರೇಮ್ ಬರುವವರೆಗೂ ಕಾಯುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ನಾಲ್ಕೈದು ಫ್ರೇಮ್ ತಡವಾದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಸೆಟ್ಟಿಂಗ್ಸ್‌ಗೆ ಹೋಗಿ ‘ಗೇಮ್ ಮೋಡ್’ ಹಾಕಿ, ಈ ತಿದ್ದುವ ಕೆಲಸ ಕಡಿಮೆಯಾಗುತ್ತದೆ. ಟಿವಿಗೂ ಕನ್ಸೋಲ್‌ಗೂ ಎಎಲ್‌ಎಲ್‌ಎಂ ಅನ್ನುವ ಸೌಲಭ್ಯ ಇದ್ದರೆ ಆಟ ಶುರುವಾದಾಗ ತಾನಾಗೇ ಬದಲಾಗುತ್ತದೆ. ನನ್ನ ಮಾತು ನಂಬಬೇಡಿ, ಅಳೆಯಿರಿ. ಫೋನ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್‌ಗೆ ಹಾಕಿ, ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಹಿಡಿದು ಬಟನ್ ಒತ್ತಿ. ಒತ್ತಿದ ಕ್ಷಣದಿಂದ ಜಿಗಿಯುವವರೆಗೆ ಫ್ರೇಮ್ ಎಣಿಸಿ. ಒಂದಕ್ಕೆ ನಾಲ್ಕು ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ನನ್ನ ಮನೆಯಲ್ಲಿ ಮೊದಲು 46 ಫ್ರೇಮ್ ಬಂತು, ಗೇಮ್ ಮೋಡ್ ಹಾಕಿದ ಮೇಲೆ 24. ಆ 24ರಲ್ಲಿ ಆಟದ್ದೇ ಒಂದಷ್ಟು ಪಾಲಿರುತ್ತದೆ, ಅದನ್ನು ಟಿವಿಯ ತಲೆಗೆ ಕಟ್ಟಬೇಡಿ. ಬಣ್ಣ ಸ್ವಲ್ಪ ಸಪ್ಪೆಯಾಗುತ್ತದೆ. ಎರಡು ದಿನದಲ್ಲಿ ಒಗ್ಗುತ್ತದೆ.

ಪ್ರಶ್ನೆ: ಒಂದು ಕನ್ಸೋಲ್‌ನಲ್ಲಿ ‘ಸರಿ’ ಅನ್ನಲು ಕೆಳಗಿನ ಬಟನ್, ಇನ್ನೊಂದರಲ್ಲಿ ಬಲಗಡೆಯದು. ಯಾಕೀ ಗೊಂದಲ?

ಉತ್ತರ: ನಿಂಟೆಂಡೊ ಮೊದಲಿನಿಂದಲೂ ‘ಸರಿ’ ಅನ್ನುವ ‘ಎ’ ಬಟನ್ನನ್ನು ಬಲಕ್ಕಿಟ್ಟಿತು. ಎಕ್ಸ್‌ಬಾಕ್ಸ್ ಕೆಳಗಿಟ್ಟಿತು. ಪ್ಲೇಸ್ಟೇಷನ್‌ನದು ಇನ್ನೂ ತಮಾಷೆ. ಜಪಾನಿನಲ್ಲಿ ವೃತ್ತ ಅಂದರೆ ಸರಿ, ಕತ್ತರಿ ಗುರುತು ಅಂದರೆ ತಪ್ಪು. ಬಟನ್‌ಗಳನ್ನು (ವೃತ್ತ ಬಲಕ್ಕೆ, ಕತ್ತರಿ ಕೆಳಗೆ) ಆ ಲೆಕ್ಕದಲ್ಲೇ ಇಟ್ಟಿದ್ದು. ಬೇರೆ ಕಡೆಗೆ ಹೋದಾಗ ಅದು ಉಲ್ಟಾ ಆಯಿತು. ಕೊನೆಗೆ 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನವರೂ ಕತ್ತರಿ ಒತ್ತಿ ‘ಸರಿ’ ಅನ್ನಬೇಕಾಯಿತು. ಅವರ ಬೆರಳುಗಳ ಗತಿ ಊಹಿಸಿಕೊಳ್ಳಿ.

ಪ್ರಶ್ನೆ: ನನಗೆ 58. ಮಗಳು ಆಡಲು ಕರೆಯುತ್ತಾಳೆ. ಎರಡು ಸ್ಟಿಕ್ ಒಟ್ಟಿಗೆ ಆಡಿಸಲು ಹೋದರೆ ಗೋಡೆ ನೋಡುತ್ತಾ ನಿಂತುಬಿಡುತ್ತೇನೆ. ಕಲಿಯಲು ಆಗುತ್ತದಾ?

ಉತ್ತರ: ಖಂಡಿತ. ಎಡ ಸ್ಟಿಕ್ ಕಾಲು, ಬಲ ಸ್ಟಿಕ್ ಕುತ್ತಿಗೆ ಅಂತ ಇಟ್ಟುಕೊಳ್ಳಿ. ಆಟದಲ್ಲಿ ಶತ್ರುಗಳಿಲ್ಲದ ಜಾಗ ಹುಡುಕಿ. ಒಂದು ಬಾಗಿಲನ್ನು ಆರಿಸಿಕೊಂಡು, ಅದು ಪರದೆಯ ನಡುವೆಯೇ ಇರುವಂತೆ ಅದರ ಸುತ್ತ ನಡೆಯಿರಿ. ದಿನಕ್ಕೆ ಹತ್ತು ನಿಮಿಷ. ಕುತ್ತಿಗೆಯ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ಅರ್ಧಕ್ಕಿಳಿಸಿ. ಸ್ಟಿಕ್ ಮೇಲೆ ತಳ್ಳಿದರೆ ಕೆಳಗೆ ನೋಡಬೇಕು ಅಂತ ನಿಮ್ಮ ಕೈ ಹಟ ಹಿಡಿದರೆ ‘ಇನ್ವರ್ಟ್’ ಮಾಡಿ, ಮಗಳು ನಕ್ಕರೂ ಪರವಾಗಿಲ್ಲ. ನಾನೂ ಹಾಗೇ ಆಡುವುದು.

ಪ್ರಶ್ನೆ: ಡಿಸ್ಕ್ ಕೊಂಡರೆ ಆಟ ಶಾಶ್ವತವಾಗಿ ನಮ್ಮದು ಅಲ್ವಾ?

ಉತ್ತರ: ಎಲ್ಲ ಸಲ ಅಲ್ಲ. ‘ದಿ ಕ್ರೂ’ ಅನ್ನುವ ಕಾರಿನ ಆಟ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ, ಆಟ ಓಡಲು ಬೇಕೇ ಬೇಕಾಗಿದ್ದ ಕಂಪನಿಯ ಸರ್ವರ್ ನಿಲ್ಲಿಸಿದರು. ಡಿಸ್ಕ್ ಇದ್ದವರೂ ಒಬ್ಬರೇ ಕೂತು ಆಡಲಾಗದಂತಾಯಿತು. ಕೊಳ್ಳುವ ಮೊದಲು ಇಂಟರ್ನೆಟ್ ಇಲ್ಲದೆ ಓಡುತ್ತದಾ ಅಂತ ಕೇಳಿ.

ಪ್ರಶ್ನೆ: ನಿಮ್ಮ ಮೆಚ್ಚಿನ ಕಂಟ್ರೋಲರ್ ಯಾವುದು?

ಉತ್ತರ: ನಗಬೇಡಿ, ಸೇಗಾ ಡ್ರೀಮ್‌ಕಾಸ್ಟ್‌ನದು. ವಯರ್ ಮೇಲಿನಿಂದ ಬರುವ ಬದಲು ಕೆಳಗಿನಿಂದ, ಆಡುವವರ ಹೊಟ್ಟೆಯ ಕಡೆಗೆ ಬರುತ್ತದೆ. ಸ್ಟಿಕ್ ಒಂದೇ. ನಡುವೆ ಪುಟ್ಟ ಪರದೆಯಿರುವ ಮೆಮೊರಿ ಕಾರ್ಡ್ ಸಿಕ್ಕಿಸಬೇಕು, ಅದರ ಸೆಲ್ ಖಾಲಿಯಾಗಿದ್ದರೆ ಕನ್ಸೋಲ್ ಹಾಕಿದಾಗಲೆಲ್ಲ ಕುಂಯ್ ಅಂತ ಕಿರುಚುತ್ತದೆ. ಅರ್ಧ ಗಂಟೆ ಹಿಡಿದರೆ ಕೈ ನೋಯುತ್ತದೆ. ಆದರೆ ಅದರಲ್ಲೂ ಆಯಸ್ಕಾಂತವೇ. ಮೊನ್ನೆ ಡ್ರಾಯರ್‌ನಿಂದ ತೆಗೆದು ಹಾಕಿ, ಕೈ ಬಿಟ್ಟು ನೋಡಿದೆ. ಆಟದೊಳಗಿನ ಮನುಷ್ಯ ನಿಂತಲ್ಲೇ ನಿಂತಿದ್ದ.