ವರದಿಯಲ್ಲಿ ಹರ್-2 3+ ಅಂತಿದ್ದರೆ

ಅಮ್ಮನ ಸ್ತನ ಕ್ಯಾನ್ಸರ್‌ನ ಬಯಾಪ್ಸಿ ವರದಿಯಲ್ಲಿ ‘ಹರ್-2 3+’ ಅಂತಿದೆ, ಇದು ಕೆಟ್ಟ ಸುದ್ದಿಯಾ ಅಂತ ಕೇಳಿದ್ದೀರಿ. ಗಾಬರಿಯಾಗಬೇಡಿ, ಇದಕ್ಕೆಂದೇ ಔಷಧಿ ಇದೆ.

ಹರ್-2 ಜೀವಕೋಶದ ಹೊರಪೊರೆಯಲ್ಲಿರುವ ಒಂದು ಪ್ರೋಟೀನ್. ‘ಬೆಳಿ, ಎರಡಾಗು’ ಅನ್ನುವ ಸಂಕೇತವನ್ನು ಒಳಗೆ ಕಳಿಸುತ್ತದೆ. 3+ ಅಂದರೆ ಅದು ತುಂಬಾ ಜಾಸ್ತಿ ಇದೆ ಅಂತ. ಹಾಗೆ ಜಾಸ್ತಿಯಾದರೆ ಸಂಕೇತ ನಿಲ್ಲುವುದೇ ಇಲ್ಲ. ಇಂಥ ಸ್ತನ ಕ್ಯಾನ್ಸರ್ ಬೇಗ ಮರಳುತ್ತದೆ ಎಂದು 1987ರಲ್ಲಿ ತೋರಿಸಿದ್ದು ಲಾಸ್ ಏಂಜಲೀಸ್‌ನ ವೈದ್ಯ ಡೆನಿಸ್ ಸ್ಲಾಮನ್ ಮತ್ತು ಜೊತೆಗಾರರು. ಅವರ ಹಟದಿಂದಲೇ ಟ್ರಾಸ್ಟುಜುಮಾಬ್ ಎಂಬ ಆ ಔಷಧಿ ರೋಗಿಗಳವರೆಗೆ ಬಂತು ಅಂತ ನಾನು ನಂಬಿದ್ದೇನೆ. ಅದು ಹರ್-2ಗೆ ಅಂಟಿಕೊಂಡು ಸಂಕೇತವನ್ನು ತಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಇದರ ಬಯೋಸಿಮಿಲರ್ (ಮೂಲ ಔಷಧಿಗೆ ತೀರಾ ಹತ್ತಿರದ, ಅದರಂತೆಯೇ ಕೆಲಸ ಮಾಡುವ ಔಷಧಿ) ತಂದಿತು, ಬೆಲೆಯ ಬಗ್ಗೆ ವೈದ್ಯರನ್ನು ಕೇಳಿ.

ಈ ಔಷಧಿ ಕೆಲವರ ಹೃದಯವನ್ನು ದುರ್ಬಲ ಮಾಡಬಹುದು. ಅದಕ್ಕೇ ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಮಾತ್ರ ತಪ್ಪಿಸಬೇಡಿ.