ಕರಡು ಯಾರ ಕೈಯಲ್ಲಿದೆ?

ಪ್ರಶ್ನೆ: ಯಾವುದೋ ಎರಡು ದೇಶಗಳ ಜಗಳದಲ್ಲಿ ಅಮೆರಿಕ ಮಧ್ಯಸ್ಥಿಕೆ ವಹಿಸಿತು ಅಂತ ಪೇಪರಿನಲ್ಲಿ ಓದುತ್ತಿರುತ್ತೇವೆ. ದುಡ್ಡು, ದಂಡು ತೋರಿಸಿ ಸಹಿ ಹಾಕಿಸುವುದಷ್ಟೇ ಅಲ್ವಾ? ಅದರಲ್ಲಿ ಕಲೆ ಏನಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದುಡ್ಡೂ ಇರುತ್ತದೆ, ದಂಡೂ ಇರುತ್ತದೆ. ಇಲ್ಲ ಅನ್ನಲಾರೆ. ಆದರೆ ಅಷ್ಟಕ್ಕೇ ಸಹಿ ಬೀಳುವ ಹಾಗಿದ್ದರೆ 1978ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 13 ದಿನ ಕಾಡಿನ ನಡುವೆ ಕೂರಬೇಕಾಗಿರಲಿಲ್ಲ.

ಈಜಿಪ್ಟ್ ಅಧ್ಯಕ್ಷ ಅನ್ವರ್ ಸಾದತ್, ಇಸ್ರೇಲ್ ಪ್ರಧಾನಿ ಮೆನಾಖೆಮ್ ಬೆಗಿನ್ ಇಬ್ಬರನ್ನೂ ಅವರು ಶಾಂತಿ ಮಾತುಕತೆಗೆ ಮೇರಿಲ್ಯಾಂಡ್ ಗುಡ್ಡಗಳ ನಡುವಿನ ಕ್ಯಾಂಪ್ ಡೇವಿಡ್‌ಗೆ, ಅಂದರೆ ಅಮೆರಿಕ ಅಧ್ಯಕ್ಷರ ವಿಶ್ರಾಂತಿ ಧಾಮಕ್ಕೆ, ಕರೆಸಿಕೊಂಡರು. ಪತ್ರಕರ್ತರಿಗೆ ಒಳಗೆ ಪ್ರವೇಶವಿಲ್ಲ. ಇವತ್ತು ಪೇಪರಿಗೆ ಹೇಳಿಬಿಟ್ಟ ಮಾತಿನಿಂದ ನಾಳೆ ಹಿಂದೆ ಸರಿಯುವುದು ಕಷ್ಟ ನೋಡಿ.

ಮೊದಲ ಮೂರು ದಿನ ಇಬ್ಬರನ್ನೂ ಎದುರುಬದುರು ಕೂರಿಸಿ ನೋಡಿದರು. ಕೂಗಾಟವೇ ಆಯಿತು. ಆಮೇಲೆ ಕಾರ್ಟರ್ ಅವರನ್ನು ಜೊತೆಗೆ ಚರ್ಚೆಗೆ ಕೂರಿಸುವ ಗೋಜಿಗೇ ಹೋಗಲಿಲ್ಲ. ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ಊರ ಹಿರಿಯರು ಈ ಜಗಲಿಯಿಂದ ಆ ಜಗಲಿಗೆ ಓಡಾಡುತ್ತಾರಲ್ಲ, ಹಾಗೆ ಈ ಮನೆಯಿಂದ ಆ ಮನೆಗೆ ತಾವೇ ಓಡಾಡಿದರು.

ಕೈಯಲ್ಲಿ ಒಂದು ಕರಡು ಇತ್ತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಅವರವರ ಕರಡು ಅವರವರು ತಂದರೆ ಪ್ರತಿಯೊಬ್ಬರೂ ತಮ್ಮದಕ್ಕೇ ಪಟ್ಟು ಹಿಡಿಯುತ್ತಾರೆ. ಮೂರನೆಯವರು ಬರೆದದ್ದಾದರೆ ಬೈಯಬಹುದು, ತಿದ್ದಬಹುದು, ಯಾರ ಮಾನವೂ ಹೋಗಲ್ಲ. ಅಮೆರಿಕದವರು ಬರೆದರು, ಎರಡೂ ಕಡೆಗೆ ತೋರಿಸಿದರು, ಗೊಣಗಾಟ ಕೇಳಿಕೊಂಡು ಮತ್ತೆ ಬರೆದರು. ಮುಖ್ಯ ಒಪ್ಪಂದದ ಕರಡು ಹೀಗೆ 20ಕ್ಕೂ ಹೆಚ್ಚು ಸಲ ಬದಲಾಯಿತು.

ಒಂದೊಂದು ಪದಕ್ಕೂ ಗುದ್ದಾಟ. ‘ಪ್ಯಾಲೆಸ್ತೀನಿ ಜನತೆ’ ಅನ್ನುವ ಮಾತನ್ನು ಬೆಗಿನ್ ಒಪ್ಪಲು ತಯಾರಿರಲಿಲ್ಲ. ಆ ಮಾತಿಲ್ಲದೆ ಸಾದತ್ ಮನೆಗೆ ಹೋಗುವ ಹಾಗಿರಲಿಲ್ಲ. ಕೊನೆಗೆ ಪದ ಒಪ್ಪಂದದಲ್ಲಿ ಉಳಿಯಿತು. ಜೊತೆಗೆ ಕಾರ್ಟರ್ ಬೆಗಿನ್‌ಗೆ ಒಂದು ಪತ್ರ ಬರೆದರು: ಅದನ್ನು ತಾವು ‘ಪ್ಯಾಲೆಸ್ತೀನಿ ಅರಬರು’ ಎಂದು ಓದಿಕೊಳ್ಳುತ್ತೀರಿ ಎಂದು ನನಗೆ ತಿಳಿಸಿದ್ದೀರಿ, ಅಂತ. ಒಪ್ಪಿದೆ ಅಂತಲೂ ಇಲ್ಲ, ಒಪ್ಪಲ್ಲ ಅಂತಲೂ ಇಲ್ಲ! ಕಲೆ ಅಂತ ನಾನು ಕರೆಯುವುದು ಇದನ್ನೇ. ಜಾಣತನ ಅಂತ ಬೈದರೂ ತಪ್ಪಿಲ್ಲ.

11ನೇ ದಿನ ಸಾದತ್ ಪೆಟ್ಟಿಗೆ ಕಟ್ಟಿ ಹೊರಟರು. ಕಾರ್ಟರ್ ಓಡಿಹೋಗಿ ತಡೆದರು. ಕೊನೆಯ ದಿನ ಮುನಿಸಿಕೊಳ್ಳುವ ಸರದಿ ಬೆಗಿನ್ ಅವರದು, ಜೆರುಸಲೇಮ್ ಬಗ್ಗೆ ಅಮೆರಿಕದವರು ಬರೆದ ಪತ್ರವೊಂದರ ಮೇಲೆ. ಮೂವರೂ ಇದ್ದ ಫೋಟೊಗಳಿಗೆ ಸಹಿ ಹಾಕಿಕೊಡಿ, ಮೊಮ್ಮಕ್ಕಳಿಗೆ ಬೇಕು ಅಂತ ಅವರು ಮೊದಲೇ ಕೇಳಿದ್ದರು. ಕಾರ್ಟರ್ ಒಂದೊಂದು ಫೋಟೊದ ಮೇಲೂ ಒಂದೊಂದು ಮಗುವಿನ ಹೆಸರು ಬರೆದು ತಾವೇ ಕೊಂಡೊಯ್ದರು. ಬೆಗಿನ್ ಆ ಹೆಸರುಗಳನ್ನು ಓದುತ್ತಾ ಓದುತ್ತಾ ಕಣ್ಣೀರಾದರು. ಹಾಗಂತ ಫೋಟೊದಿಂದಲೇ ಕೆಲಸ ಆಯಿತು ಅಂದುಕೊಳ್ಳಬೇಡಿ. ಜೆರುಸಲೇಮ್ ಪತ್ರವನ್ನೂ ತಿದ್ದಿ ಬರೆಯಬೇಕಾಯಿತು.

ಕ್ಯಾಂಪ್ ಡೇವಿಡ್‌ನಲ್ಲಿ ಒಪ್ಪಿದ್ದರ ಆಧಾರದ ಮೇಲೆ ಮುಂದಿನ ವರ್ಷ, 1979ರ ಮಾರ್ಚ್ 26ರಂದು, ಎರಡೂ ದೇಶಗಳ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಇಲ್ಲಿ ನಿಮ್ಮ ದುಡ್ಡಿನ ಮಾತೂ ಬರುತ್ತದೆ. ಯುದ್ಧದಲ್ಲಿ ಈಜಿಪ್ಟ್‌ನಿಂದ ಕಿತ್ತುಕೊಂಡಿದ್ದ ಸಿನಾಯ್ ಪ್ರದೇಶದಲ್ಲಿ ಇಸ್ರೇಲ್ ಬಿಟ್ಟುಕೊಟ್ಟ ವಿಮಾನ ನೆಲೆಗಳಿಗೆ ಬದಲಾಗಿ ನೆಗೆವ್ ಮರುಭೂಮಿಯಲ್ಲಿ ಎರಡು ಹೊಸ ನೆಲೆ ಕಟ್ಟಲು ಅಮೆರಿಕ ನೆರವಾಯಿತು. ಎರಡೂ ದೇಶಗಳಿಗೆ ದೊಡ್ಡ ಮೊತ್ತದ ಸಹಾಯವೂ ಹರಿಯಿತು.

ಆದರೆ ಒಂದು ವಿಷಯ ಮಾತಿನಲ್ಲೇ ಉಳಿದುಬಿಟ್ಟಿತ್ತು. ಇಸ್ರೇಲ್ ತನ್ನ ವಶದಲ್ಲಿದ್ದ ಪ್ಯಾಲೆಸ್ತೀನಿ ಪ್ರದೇಶವಾದ ಪಶ್ಚಿಮ ದಂಡೆಯಲ್ಲಿ ಹೊಸ ವಸಾಹತು ಕಟ್ಟುವುದನ್ನು ಎಷ್ಟು ದಿನ ನಿಲ್ಲಿಸಬೇಕು ಅನ್ನುವುದು. ಪ್ಯಾಲೆಸ್ತೀನಿಯರ ಸ್ವಾಯತ್ತತೆಯ ಮಾತುಕತೆ ಮುಗಿಯುವ ತನಕ ಅಂತ ಕಾರ್ಟರ್ ಕೇಳಿಸಿಕೊಂಡಿದ್ದರು. ನಾನು ಹೇಳಿದ್ದು ಮೂರೇ ತಿಂಗಳು ಅಂದರು ಬೆಗಿನ್. ತೆಗೆದು ತೋರಿಸಲು ಕಾರ್ಟರ್ ಬಳಿ ಸಹಿ ಹಾಕಿದ ಕಾಗದ ಇರಲಿಲ್ಲ.