ಮಾತ್ರೆ ಉಳಿಸಿಕೊಟ್ಟ ರಾತ್ರಿಗಳು ಎಲ್ಲಿಗೆ ಹೋದವು?

ಚೇತನ್ (ಹೆಸರು, ಗುರುತು ಬದಲಿಸಿದೆ) ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿ. ಫಾರ್ಮಕಾಲಜಿ (ಔಷಧಶಾಸ್ತ್ರ) ರೆಕಾರ್ಡ್ ಪುಸ್ತಕ ಸಲ್ಲಿಸಿಲ್ಲವೆಂದು ಮೇಷ್ಟ್ರು ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕಳಿಸಿದ್ದರು. ಬರೆಯದೆ ಕೂತಿರಲಿಲ್ಲ ಹುಡುಗ. ಒಂದು ಗೆರೆ ಸೊಟ್ಟಗಾದರೂ ಹಾಳೆ ಹರಿದು ಮೊದಲಿನಿಂದ ಬರೆಯುತ್ತಿದ್ದ.

ಮಾತಿನ ನಡುವೆ ಮೊಡಾಫಿನಿಲ್ ಹೆಸರು ಬಂತು. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಹತ್ತಿರವಾದಾಗ ಹಾಸ್ಟೆಲಿನ ಸೀನಿಯರ್ ಕೊಡುತ್ತಿದ್ದ 200 ಮಿಲಿಗ್ರಾಂ ಮಾತ್ರೆ. “ಕಾಫಿ ಇದ್ದ ಹಾಗೆ ಮೇಡಂ, ಸ್ವಲ್ಪ ಸ್ಟ್ರಾಂಗು ಅಷ್ಟೆ. ಎಲ್ಲರೂ ತಗೋತಾರೆ, ನಾನೊಬ್ಬ ಬಿಟ್ಟರೆ ಹಿಂದೆ ಬೀಳ್ತೀನಿ.”

ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿಯಂಥ ತೊಂದರೆಗೆ ವೈದ್ಯರು ಬರೆದುಕೊಡುವ ಔಷಧಿ ಇದು. ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 15 ತಾಸು ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಮರುದಿನ ಮಧ್ಯಾಹ್ನಕ್ಕೂ ಅರ್ಧ ಉಳಿದಿರುತ್ತದೆ ಎಂದು ಲೆಕ್ಕ ಹೇಳಿದವನು ಅವನೇ! ಇಂಥವನ ಮುಂದೆ ಅಪಾಯಗಳ ಪಟ್ಟಿ ಓದಿ ಏನು ಫಲ? ಬದಲಿಗೆ, ಎಚ್ಚರವಿದ್ದ ಆ ರಾತ್ರಿಗಳಲ್ಲಿ ಏನು ಮಾಡಿದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಇದ್ದ ನೋಟ್ಸನ್ನೇ ನಾಲ್ಕು ಬಣ್ಣದ ಪೆನ್ನಿನಲ್ಲಿ ಮತ್ತೆ ಬರೆದಿದ್ದನಂತೆ. ಹೊಸದಾಗಿ ಓದಿದ್ದು ಒಂದೇ ಪಾಠ.

ಪರಿಪೂರ್ಣತೆಯ ಹಠವನ್ನು ಮನಶ್ಶಾಸ್ತ್ರಜ್ಞರಾದ ಹ್ಯೂಯಿಟ್ ಮತ್ತು ಫ್ಲೆಟ್ 1991ರಲ್ಲಿ ಮೂರಾಗಿ ವಿಂಗಡಿಸಿದರು. ಅದರಲ್ಲೊಂದು, ಉಳಿದವರು ನನ್ನಿಂದ ತಪ್ಪಿಲ್ಲದ್ದನ್ನೇ ಬಯಸುತ್ತಾರೆ ಎಂಬ ನಂಬಿಕೆ. ಚೇತನ್‌ನದೂ ಇದೇ. ಎಷ್ಟು ಅಂಕ ಬೇಕೆಂದು ಅಮ್ಮನನ್ನೇ ಕೇಳು ಎಂದೆ. “ಪಾಸಾದರೆ ಸಾಕು ಮಗಾ” ಎಂದರಂತೆ. “ಅದು ಬಾಯಿಮಾತು ಮೇಡಂ” ಅನ್ನುವುದು ಇವನ ವಾದ. ಈ ನಂಬಿಕೆ ಒಂದು ಫೋನಿಗೆ ಕರಗುವಂಥದ್ದಲ್ಲ.

ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ ಎಂದೂ ಹೇಳಿದ್ದರಿಂದ ಮೊದಲು ಮನೋವೈದ್ಯರಲ್ಲಿಗೆ ಕಳಿಸಿದೆ. ಇನ್ನೊಬ್ಬರ ಮಾತ್ರೆ ಬೇಡ, ನಡುರಾತ್ರಿ ಗಾಬರಿಯಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು ಎಂದೆ. ರೆಕಾರ್ಡನ್ನು ಕಾಟು ಹೊಡೆದ ಗೆರೆಗಳ ಸಮೇತ ಶುಕ್ರವಾರವೇ ಕೊಟ್ಟು, ಮೇಷ್ಟ್ರು ಏನಂದರು ಎಂದು ಬರೆದು ತರಬೇಕು. ಓದಿದ್ದನ್ನು ಪುಸ್ತಕ ಮುಚ್ಚಿ ರೂಮ್‌ಮೇಟ್‌ಗೆ ಹೇಳಬೇಕು; ಮತ್ತೆ ಬರೆಯುವಂತಿಲ್ಲ. ಈ ಕೊನೆಯದಕ್ಕೇ ಅವನ ವಿರೋಧ ಜಾಸ್ತಿ.

ಶುಕ್ರವಾರ ರೆಕಾರ್ಡ್ ಕೊಟ್ಟ, ಒಂದು ಹಾಳೆ ಮಾತ್ರ ಬದಲಿಸಿ. ಮೇಷ್ಟ್ರು ತಿರುವಿ ಹಾಕಿ ಸಹಿ ಮಾಡಿದರಂತೆ, ಏನೂ ಅನ್ನಲಿಲ್ಲ. ಮುಂದಿನ ಭೇಟಿಯನ್ನು ಇಂಟರ್ನಲ್ಸ್‌ಗೆ ಒಂದು ವಾರ ಮೊದಲು ಇಟ್ಟಿದ್ದೇನೆ. ಸೀನಿಯರ್ ಬಾಗಿಲು ತಟ್ಟುವುದು ಆಗಲೇ.